ಕುಂಕುಮವಿಟ್ಟ ಕಾರ್ಡು

ಯಂತ್ರ ಮೊದಲು ರಾಧಳ ಕಾರ್ಡನ್ನು ಹೊರಗೆ ತಳ್ಳಿತು. ಆಮೇಲೆ ಮಾರಿಯಮ್ಮನದನ್ನು. ಕೊನೆಗೆ ಹೆಡ್ ಕಾನ್‌ಸ್ಟೇಬಲ್ ಶ್ಯಾಮಲಾಳದನ್ನೂ.

ಆಯುಧಪೂಜೆಯ ಮಾರನೆಯ ದಿನ. ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹತ್ತಿರದ ಎ.ಟಿ.ಎಂ. ಉರಿಗಾಂನ ಅನಸೂಯಮ್ಮ ಟೀಚರ್ ತಮ್ಮ ಮನೆಯ ಜಗುಲಿಯಲ್ಲಿ ಬ್ಯಾಂಕ್ ಇಂಗ್ಲಿಷ್ ಹೇಳಿಕೊಡುತ್ತಾರೆ. ಆ ತರಗತಿಯ ಹೆಂಗಸರು ಇಲ್ಲಿ ಪಾಠ ಒಪ್ಪಿಸಲು ಬಂದಿದ್ದರು. ಕನ್ನಡದ ಗುಂಡಿ ಒತ್ತುವಂತಿಲ್ಲ, ಇಂಗ್ಲಿಷನ್ನೇ ಒತ್ತಬೇಕು, ಪರದೆಯ ಮೇಲೆ ಬಂದದ್ದನ್ನು ಬಾಯಿಬಿಟ್ಟು ಓದಬೇಕು ಎಂದು ಟೀಚರ್ ಹೇಳಿ ಕಳಿಸಿದ್ದರು. ಮಂಡಿನೋವೆಂದು ತಾವು ಮನೆಯಲ್ಲೇ ಉಳಿದಿದ್ದರು.

“ಕಾರ್ಡುಗಳು ನಿನ್ನೆ ಪೂಜೆ ಮಾಡಿಸ್ಕೊಂಡ್ವಲ್ಲ, ಇವತ್ತು ಸೊಕ್ಕು ಬಂದದೆ,” ಎಂದಳು ಮಾರಿಯಮ್ಮ.

ರಾಧ ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುವವಳು. ದಿನಕ್ಕೆ ಎಷ್ಟೋ ಕಾರ್ಡು ಉಜ್ಜುತ್ತಾಳೆ. ತನ್ನದನ್ನು ಬೆಳಕಿಗೆ ಹಿಡಿದು ನೋಡಿದಳು.

“ಅಕ್ಕಾ, ಈ ಬಂಗಾರದ ಚೌಕ ಇದ್ಯಲ್ಲ, ಯಂತ್ರ ಓದೋದು ಇದನ್ನೇ. ನಾವು ಅದ್ರ ಮೇಲೇ ಅರಿಶಿನ ಕುಂಕುಮ ಮೆತ್ತಿದೀವಿ. ನಾನೂ ಎಲ್ಲಾರ ಜೊತೆ ಮೆತ್ಬಿಟ್ಟೆ ನೋಡಿ.”

ಎಲ್ಲರೂ ನಕ್ಕರು. ಆ ಹೊತ್ತಿಗೆ ಮುನಿಗಂಗಮ್ಮ ತನ್ನ ಕಾರ್ಡು ಹಾಕಿದಳು. ಯಂತ್ರ ಒಪ್ಪಿಕೊಂಡಿತು.

“ನೋಡ್ರಮ್ಮ, ನಂದ್ನ ಮಾತ್ರ ಒಳಕ್ಕೆ ಕರ್ಕೊಂತು.”

ಮುನಿಗಂಗಮ್ಮ ಬೂದಿಕೋಟೆ ಕಡೆಯ ಹಳ್ಳಿಯವಳು. ಉರಿಗಾಂನ ಗಣಿ ಕಾರ್ಮಿಕರ ಲೈನು ಮನೆಗಳಿಗೆ ಮೊಸರು ಮಾರಲು ಬರುತ್ತಾಳೆ. ಅಳುಕುತ್ತಲೇ ಅಂಕಿಗಳನ್ನು ಒತ್ತಿದಳು. ಪರದೆ ಬದಲಾಯಿತು.

“ಇನ್‌ಸಫಿಶಿಯೆಂಟ್ ಬ್ಯಾಲೆನ್ಸ್,” ಎಂದು ರಾಧ ಓದಿದಳು.

ಖಾತೆಯಲ್ಲಿ ಅಷ್ಟು ಹಣವಿಲ್ಲ ಎಂಬ ಅರ್ಥವನ್ನು ಯಾರೂ ಹೇಳಬೇಕಾಗಲಿಲ್ಲ. ಹೋದ ವಾರದ ಪಾಠ ಅದು. ಮುನಿಗಂಗಮ್ಮ ಯಾರ ಸಹಾಯವೂ ಇಲ್ಲದೆ ಅರ್ಥ ಮಾಡಿಕೊಂಡ ಮೊದಲ ಇಂಗ್ಲಿಷ್ ಮಾತು ಅದಾಗಿತ್ತು.

“ಅಸು ದುಡ್ಡು,” ಎಂದಳು. ಗೋಡೆ ಹಿಡಿದು ಕೂತಳು.

ಸತ್ತ ಹಸುವಿನ ವಿಮೆ ಹಣ. ಇನ್ನೊಂದು ಹಸುವನ್ನು ನೋಡಿಟ್ಟಿದ್ದಳು. ಕೊಟ್ಟಿಗೆಯಲ್ಲಿ ಉಳಿದಿರುವ ಎಮ್ಮೆ ಬತ್ತುತ್ತಾ ಬಂದಿತ್ತು. ಹಸು ಬಾರದಿದ್ದರೆ ಮೊಸರಿಲ್ಲ, ಮೊಸರಿಲ್ಲದಿದ್ದರೆ ಮನೆಯಿಲ್ಲ.

ಶ್ಯಾಮಲಾ ಅವಳ ಗುಂಡಿ ಫೋನು ಇಸಕೊಂಡಳು. ಮೆಸೇಜು ಇತ್ತು. ನಿನ್ನೆ ಸಂಜೆ, ಇದೇ ಯಂತ್ರದಿಂದ ಹಣ ತೆಗೆಯಲಾಗಿತ್ತು.

“ಸಂಜೇನೇ ಬಂದದಲ್ಲಮ್ಮ. ಯಾರ್ಗೂ ತೋರಿಸ್ಲಿಲ್ವಾ?”

“ಇಂಗ್ಲೀಸ್ನಾಗಿತ್ತು. ಕ್ಲಾಸಿಗೆ ಓಗ್ತಾಳೆ, ಓದಕ್ಕೆ ಬರಲ್ಲ ಅಂತ ನಗ್ತಾರೆ ಅಂತ ಸುಮ್ಕಿದ್ದೆ.” ಮುನಿಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. “ನನ್ ಮಗಂಗೆ ಏಳ್ಬ್ಯಾಡ ಕಣಮ್ಮ. ಕಾರ್ಡು ಕಿತ್ಕೊಂತಾನೆ.”

ಆ ನಾಚಿಕೆ ಶ್ಯಾಮಲಾಳಿಗೆ ಹೊಸದಲ್ಲ. ಠಾಣೆಗೆ ಬ್ಯಾಂಕ್ ಮೋಸದ ದೂರು ಬಂದಾಗಲೆಲ್ಲ, ಇಂಗ್ಲಿಷ್ ಓದಲು ಬಾರದೆ, ಕಾಗದವನ್ನು ಪಕ್ಕದ ಮೇಜಿಗೆ ಸರಿಸುತ್ತಿದ್ದಳು. ಅದನ್ನು ಯಾರೂ ಗಮನಿಸುವ ಮುಂಚೆ ಕಲಿಯಬೇಕೆಂದೇ ಈ ತರಗತಿಗೆ ಸೇರಿದ್ದಳು.

ಅಲ್ಲೇ ನಿಂತು ಕಾರ್ಡು ಬ್ಲಾಕ್ ಮಾಡಿಸಿದಳು. ಬ್ಯಾಂಕಿಗೆ ರಜೆ. ಕ್ಯಾಮೆರಾದ ಚಿತ್ರ ಸಿಗುವುದು ನಾಳೆ.

ಹೊರಡುವಾಗ ಮುನಿಗಂಗಮ್ಮನ ಕಾರ್ಡನ್ನು ಇನ್ನೊಮ್ಮೆ ನೋಡಿದಳು. ಕುಂಕುಮ ಇತ್ತು. ಮೂಲೆಯಲ್ಲಿ. ಚೌಕ ಫಳಫಳ ಹೊಳೆಯುತ್ತಿತ್ತು.

“ನೀನು ಕುಂಕುಮ ಇಲ್ಲಿ ಇಟ್ಟಿದ್ಯಾ?”

“ಇಲ್ಲ ಕಣಮ್ಮ. ಅದ್ರ ಅಣೆ ಅಂತ ಬಂಗಾರದ ಮ್ಯಾಲೇ ಇಕ್ಕಿದ್ದೆ. ನಾನ್ಯಾಕೆ ಒರೆಸ್ಲಿ? ಪೂಜೇದು ಯಾರಾನ ಒರೆಸ್ತಾರಾ?”

* * *

ಅವರು ರೈಲಿಳಿದು ಬರುವಷ್ಟರಲ್ಲಿ ಅನಸೂಯಮ್ಮನ ಜಗುಲಿಯಲ್ಲಿ ಜನ ಸೇರಿದ್ದರು. ಯಾರೋ ಫೋನು ಮಾಡಿದ್ದರು. ಮುನಿಗಂಗಮ್ಮನ ಮಗ ಮುನೀಂದ್ರ ಬೈಕಿನಲ್ಲಿ ಬಂದು ಅಂಗಳದ ನಡುವೆ ನಿಂತಿದ್ದ.

“ರಾತ್ರಿಯೆಲ್ಲ ಕಾರ್ಡುಗಳು ಈಯಮ್ಮನ ಮನೇಲೇ ಇದ್ದವು. ಇನ್ನ್ಯಾರು ತೆಗೀತಾರೆ? ಇಂಗ್ಲೀಸ್ ಹೇಳ್ಕೊಡ್ತೀನಿ ಅಂತ ಕರ್ದು ಕೊಳ್ಳೆ ಹೊಡೆಯೋದು.”

ಮಾತು ತಳ್ಳಿಹಾಕುವಂತಿರಲಿಲ್ಲ. ಪೂಜೆಗಿಟ್ಟ ಆಯುಧವನ್ನು ಅಂದೇ ಕದಲಿಸುವಂತಿಲ್ಲ. ಹೊಲಿಗೆ ಯಂತ್ರವಾಗಲಿ, ಕುಡುಗೋಲಾಗಲಿ, ಮರುದಿನ ಬೆಳಿಗ್ಗೆಯೇ ಮುಟ್ಟುವುದು. ನಮ್ಮ ಆಯುಧ ಈಗ ಇದೇ ಅಲ್ಲವೇ ಎಂದು ಹೆಂಗಸರು ನಿನ್ನೆ ಬೆಳಿಗ್ಗೆ ಕಾರ್ಡುಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ದೇವರ ಮುಂದಿಟ್ಟು, ಹಾಗೇ ಬಿಟ್ಟು ಮನೆಗೆ ಹೋಗಿದ್ದರು.

ಅನಸೂಯಮ್ಮ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು.

“ಹೊರಗಿನವರು ಯಾರೂ ಬರಲಿಲ್ಲ ಶ್ಯಾಮಲಾ. ನಿಮ್ಮನೆ ಕಡ್ಲೆ ಸುಂಡಲ್ ತಿಂದೆ, ಬಾಗಿಲು ಹಾಕ್ದೆ, ಮಲಗ್ದೆ. ನಾನೇನು ಹೇಳಲಿ?”

“ಟೀಚರ್, ನಿಮ್ಮ ಕಾರ್ಡು ಯಾವ ಬ್ಯಾಂಕಿಂದು?”

ಅನಸೂಯಮ್ಮ ತಲೆ ತಗ್ಗಿಸಿದರು. “ನನ್ನ ಹತ್ರ ಕಾರ್ಡಿಲ್ಲಮ್ಮ. ಪೆನ್ಷನ್ನು ಚೀಟಿ ಬರ್ದೇ ತಗೊಳ್ಳೋದು. ಯಂತ್ರ ಅಂದ್ರೆ ಭಯ. ನಿಮಗೆಲ್ಲ ಹೇಳೋಕೆ ನಾಚಿಕೆ ಆಗಿತ್ತು.”

ಶ್ಯಾಮಲಾ ಮುನೀಂದ್ರನ ಕಡೆ ತಿರುಗಿದಳು.

“ಕೇಳಿಸ್ತಾ? ಕುಂಕುಮ ಇದ್ರೆ ಯಂತ್ರ ತಗೊಳ್ಳಲ್ಲ. ತೆಗೆದವರು ಚೌಕಾನ ಒರೆಸಿದಾರೆ. ವಾಪಸ್ ಇಡೋವಾಗ ಅನುಮಾನ ಬರಬಾರದು ಅಂತ ಕುಂಕುಮ ಇಟ್ಟಿದಾರೆ. ಆದ್ರೆ ಚೌಕ ಬಿಟ್ಟು ಇಟ್ಟಿದಾರೆ. ಕಾರ್ಡು ಬಳಸಿ ಬಳಸಿ ಅಭ್ಯಾಸ ಇರೋರ ಕೈ ಅದು. ಕಾರ್ಡೇ ಮುಟ್ಟದ ಟೀಚರ್‌ದಲ್ಲ.”

“ಅಂಗಾದ್ರೆ ಅಂಗಡಿ ಹುಡ್ಗಿ,” ಎಂದ ಮುನೀಂದ್ರ.

ರಾಧಳ ಮುಖ ಬಿಳಿಚಿತು. “ಅಣ್ಣಾ, ನಿನ್ನೆ ಸಂಜೆ ಅಂಗಡಿ ಪೂಜೆ. ಬೀಗ ಹಾಕೋವರ್ಗೂ ಓನರ್ ಮುಂದೇನೇ ಇದ್ದೆ. ಕೇಳಿ ಬೇಕಾದ್ರೆ. ಮತ್ತೆ ಅವ್ರ ಪಿನ್ ನಂಬರ್ ನಂಗೇನು ಗೊತ್ತು?”

ನಂಬರ್. ಶ್ಯಾಮಲಾಳಿಗೂ ಅದೇ ಎಳೆ ಬೇಕಿತ್ತು. ತಪ್ಪು ನಂಬರ್ ಒತ್ತಿದ ಮೆಸೇಜು ಒಂದೂ ಇರಲಿಲ್ಲ. ತೆಗೆದವರಿಗೆ ಮೊದಲೇ ಗೊತ್ತಿತ್ತು.

ತರಗತಿಯಲ್ಲಿ ಜೋಡಿ ಪಾಠ. ಒಬ್ಬಳು ಬ್ಯಾಂಕಿನವಳು, ಇನ್ನೊಬ್ಬಳು ಗಿರಾಕಿ. ಜೋಡಿಯವಳ ಮಾತನ್ನೂ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬರಬೇಕು. ಎಲ್ಲ ಜೋಡಿಗಳೂ ಒಟ್ಟಿಗೇ ಮಾತಾಡುವುದರಿಂದ ಪಕ್ಕದವರದ್ದು ಕೇಳಿಸುವುದಿಲ್ಲ. ಪಾಠಕ್ಕೆ ಸುಳ್ಳು ನಂಬರ್ ಹೇಳಿ ಎಂದು ಟೀಚರ್ ನೂರು ಸಲ ಹೇಳಿದ್ದರು.

“ಮುನಿಗಂಗಮ್ಮ, ನಿನ್ನ ನಿಜವಾದ ನಂಬರ್ ಯಾರ್ಗೆ ಹೇಳಿದ್ದೆ?”

ಮುನಿಗಂಗಮ್ಮ ಕಣ್ಣರಳಿಸಿ ಅವಳನ್ನೇ ನೋಡಿದಳು.

“ನಿನ್ಗೇ ಅಲ್ವೇನಮ್ಮ. ಬ್ಯಾರೆ ನಂಬ್ರ ಇಂಗ್ಲೀಸ್ನಾಗೆ ನನ್ ಬಾಯಿಗೆ ಬರಲ್ಲ ಅಂದೆ. ಪರ್ವಾಗಿಲ್ಲ, ನಾನು ಪೊಲೀಸು, ನನ್ ಅತ್ರ ಏಳು ಅಂದ್ಯಲ್ಲ.”

ಯಾರೋ ನಕ್ಕರು. ಶ್ಯಾಮಲಾಳಿಗೆ ನಗು ಬರಲಿಲ್ಲ.

ಅವಳು ಆ ನಂಬರನ್ನು ಇನ್ನೊಂದೇ ಕಡೆ ಹೇಳಿದ್ದಳು. ಮನೆಯಲ್ಲಿ ದೋಸೆ ಕಾವಲಿಯ ಮುಂದೆ, ಮುನಿಗಂಗಮ್ಮನ ಹೆಸರಿನ ಸಮೇತ, ಜೋರಾಗಿ, ವಾರಗಟ್ಟಲೆ. ಉಚ್ಚಾರ ತಪ್ಪಿದಾಗ ಹಿಂದಿನಿಂದ ಒಂದು ದನಿ ತಿದ್ದುತ್ತಿತ್ತು. ‘ಸೆವನ್ ಅನ್ನು ಅಮ್ಮ, ಸವನ್ ಅಲ್ಲ.’

ಸುಂಡಲ್ ಕೊಟ್ಟುಬರಲು ನಿನ್ನೆ ಸಂಜೆ ಇಲ್ಲಿಗೆ ಯಾರನ್ನು ಕಳಿಸಿದ್ದು? ಬಂದೋಬಸ್ತ್ ಡ್ಯೂಟಿಯೆಂದು ತಾನು ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಖಾಲಿ ಡಬ್ಬಿ ತರುತ್ತೇನೆಂದು ಓಡಿದವರು ಯಾರು?

ಹೊರಗಿನವರು ಯಾರೂ ಬರಲಿಲ್ಲ ಎಂದಿದ್ದರು ಟೀಚರ್. ನಿಜವನ್ನೇ ಹೇಳಿದ್ದರು.

“ಸ್ವಲ್ಪ ಮನೆಗೆ ಹೋಗಿ ಬತ್ತೀನಿ,” ಎಂದಳು ಶ್ಯಾಮಲಾ. “ನಾನು ಬರೋವರ್ಗೂ ಟೀಚರ್‌ಗೆ ಯಾರೂ ಒಂದು ಮಾತು ಅನ್ನಬಾರದು.”

* * *

ಮಗಳು ಸಹನ ಒಣಗಿದ ಬಟ್ಟೆ ಮಡಚುತ್ತಿದ್ದಳು. ಬಿ.ಕಾಂ. ಕೊನೆಯ ವರ್ಷ. ಅಮ್ಮನ ಮುಖ ನೋಡಿದವಳೇ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು.

ಶ್ಯಾಮಲಾ ಬಾಗಿಲು ಮುಂದಕ್ಕೆ ಎಳೆದಳು. ಮಗಳ ಪಕ್ಕದಲ್ಲಿ ಕೂತಳು.

“ಯಾಕೆ ಚಿನ್ನ, ಯಾಕೆ ಕಣ್ಣು?”

ಅಷ್ಟೇ ಕೇಳಿದ್ದು. ಸಹನ ಮಂಡಿಯಲ್ಲಿ ಮುಖ ಹುದುಗಿಸಿಕೊಂಡಳು.

ಮನೆಯಲ್ಲೇ ಕೂತು ಮಾಡುವ ಕೆಲಸ ಎಂದು ಫೋನು ಬಂದಿತ್ತಂತೆ. ಒಳ್ಳೆಯ ಇಂಗ್ಲಿಷು. ರಿಜಿಸ್ಟ್ರೇಷನ್ನು, ಡಿಪಾಸಿಟ್ಟು, ವೆರಿಫಿಕೇಷನ್ನು. ಕಾಲೇಜಿನ ಫೀಸು ಅದಕ್ಕೆ ಹೋಯಿತು. ಕಟ್ಟಿದ್ದು ವಾಪಸ್ ಬೇಕಾದರೆ ಇನ್ನೊಂದು ಸಲ ಕಟ್ಟಿ, ರಾತ್ರಿಯೊಳಗೆ ಎರಡೂ ಸೇರಿ ಬರುತ್ತೆ ಅಂದರಂತೆ.

“ರಾತ್ರಿ ಬಂದ್ರೆ ಬೆಳಿಗ್ಗೆನೇ ಮುನಿಗಂಗಮ್ಮನ ಅಕೌಂಟಿಗೆ ಹಾಕ್ಬಿಡೋಣ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಮೊಬೈಲ್ ಅಂಗಡೀಲಿ ಕೊಟ್ಟು ಕಳಿಸ್ದೆ. ಆಮೇಲೆ ಅವರು ಫೋನೇ ತೆಗೀಲಿಲ್ಲ ಅಮ್ಮ.”

“ನನ್ನ ಹತ್ರ ಹೇಳಬಾರದಿತ್ತಾ?”

“ಮನೇಲಿ ಇಂಗ್ಲಿಷ್ ಬರೋಳು ನಾನೊಬ್ಳೇ. ನಾನೇ ಮೋಸ ಹೋದೆ ಅಂತ ಹೇಗೆ ಹೇಳಲಿ? ಅದೂ ಪೊಲೀಸ್ ಅಮ್ಮನ ಹತ್ರ.”

ಶ್ಯಾಮಲಾ ಮಗಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಬೈಯಲು ಹೊರಟರೆ ಯಾರನ್ನು ಮೊದಲು ಬೈಯಬೇಕೆಂದು ತಿಳಿಯಲಿಲ್ಲ. ನಂಬರನ್ನು ಮನೆಯೊಳಗೆ ತಂದವಳು ತಾನೇ. ನಂಬಿ ಕೊಟ್ಟದ್ದನ್ನು ಕಾವಲಿಯ ಮುಂದೆ ಕೂಗಿದವಳೂ ತಾನೇ.

ಒಂದು ದಾರಿ ಇತ್ತು. ಬಳೆ ಮಾರಿ ಹಣವನ್ನು ಗುಟ್ಟಾಗಿ ಹಾಕಿಬಿಡುವುದು. ಸಹನಳ ಕಣ್ಣೂ ಅದನ್ನೇ ಬೇಡುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಅನಸೂಯಮ್ಮನ ಹೆಸರು ಊರೆಲ್ಲ ಸುತ್ತಿ ಬಂದಿರುತ್ತದೆ.

“ಮುಖ ತೊಳ್ಕೊ,” ಎಂದಳು. “ನಡಿ.”

* * *

ಜಗುಲಿಯ ಮುಂದೆ ನಿಂತು ಶ್ಯಾಮಲಾ ಎಲ್ಲವನ್ನೂ ಹೇಳಿದಳು. ಸಂಜೆ ಸಹನ ದೇವರ ಮುಂದೆ ಸುಂಡಲ್ ಇಡುವಾಗ ಕಾರ್ಡು ಎತ್ತಿದ್ದು, ಬಂಗಾರಪೇಟೆಗೆ ಹೋಗಿದ್ದು, ಯಂತ್ರ ತಳ್ಳಿದಾಗ ದುಪಟ್ಟಾದಲ್ಲಿ ಚೌಕ ಒರೆಸಿದ್ದು, ಬೆಳಿಗ್ಗೆ ಡಬ್ಬಿಯ ನೆಪದಲ್ಲಿ ಬಂದು, ಮೂಲೆಗೆ ಕುಂಕುಮ ಹಚ್ಚಿ ಕಾರ್ಡು ವಾಪಸ್ ಇಟ್ಟದ್ದು. ಕೊನೆಗೆ ನಂಬರ್ ಎಲ್ಲಿಂದ ಸಿಕ್ಕಿತೆಂಬುದನ್ನೂ.

“ನನ್ನ ಬಾಯಿಂದ,” ಎಂದಳು.

ಗಲಾಟೆ ಮಾಡುತ್ತಿದ್ದ ಮುನೀಂದ್ರನೂ ನೆಲ ನೋಡಿದ. ಸಹನ ಅನಸೂಯಮ್ಮನ ಕಾಲು ಮುಟ್ಟಲು ಬಗ್ಗಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಸಿಟ್ಟಿಗಲ್ಲ. ಏನು ಮಾಡಬೇಕೆಂದು ಅವರಿಗೂ ತೋಚಲಿಲ್ಲ.

ಶ್ಯಾಮಲಾ ಬಳೆ ಬಿಚ್ಚಿ ಮುನಿಗಂಗಮ್ಮನ ಮಡಿಲಿಗೆ ಹಾಕಿದಳು. “ಹಸೂನ ಬಿಡಬೇಡ. ನಾಳೇನೇ ಹಿಡ್ಕೊಂಡು ಬಾ.”

ಮುನಿಗಂಗಮ್ಮ ಬಳೆ ಮುಟ್ಟಲಿಲ್ಲ.

“ಠಾಣೆಗೆ ಮಾತ್ರ ಬ್ಯಾಡ ಕಣಮ್ಮ. ಎಣ್ ಮಗು. ನಾಳೆ ಕೆಲ್ಸ ಗಿಲ್ಸ ಸಿಗ್ಬೇಕು. ನಮ್ನಮ್ಮೊಳಗೇ ಮುಚ್ಕೊಳ್ಳಾಣ.”

“ಮುಚ್ಚಿದ್ರೆ ಅನುಮಾನ ಟೀಚರ್ ಮೇಲೇ ಉಳಿಯುತ್ತೆ. ಇವ್ಳಿಗೆ ಮೋಸ ಮಾಡ್ದೋರೂ ತಪ್ಪಿಸ್ಕೊಳ್ತಾರೆ. ದೂರು ಕೊಡಮ್ಮ. ನಾನು ಬಂದು ಪಕ್ಕದಲ್ಲಿ ಕೂರ್ತೀನಿ.”

ಮುನಿಗಂಗಮ್ಮ ಸಹನಳನ್ನು ನೋಡಿದಳು. ಆಮೇಲೆ ಬಳೆಗಳನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಎದ್ದಳು.

* * *

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಕೋದಂಡಪ್ಪ ಒಬ್ಬರೇ ಇದ್ದರು. ಮೂವರು ಹೆಂಗಸರು ಒಳಗೆ ಬಂದದ್ದು ನೋಡಿ ಪೆನ್ನಿನ ಮುಚ್ಚಳ ತೆಗೆದರು.

“ಹಬ್ಬದ ದಿನಾನೂ ಬಿಡಲ್ವಲ್ಲ ಮೇಡಂ. ಬನ್ನಿ, ಈಚೆ ಕೂತ್ಕೊಳ್ಳಿ.”

ಶ್ಯಾಮಲಾ ತನ್ನ ಕುರ್ಚಿಯ ಕಡೆ ಹೋಗಲಿಲ್ಲ. ದೂರು ಕೊಡಲು ಬಂದವರು ಕೂರುವ ಬೆಂಚಿನ ಮೇಲೆ, ಮುನಿಗಂಗಮ್ಮನ ಪಕ್ಕದಲ್ಲಿ ಕೂತಳು. ಸಹನ ನಿಂತೇ ಇದ್ದಳು.

ಮುನಿಗಂಗಮ್ಮ ಹೇಳಿದಳು. ಕೋದಂಡಪ್ಪ ಬರೆದುಕೊಂಡರು. ಆಮೇಲೆ ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು, “ಆರೋಪಿ ಹೆಸರು?”

“ಸಹನ,” ಎಂದಳು ಹುಡುಗಿ.

“ಅಪ್ಪ, ಅಮ್ಮ?”

ಸಹನ ಅಮ್ಮನ ಕಡೆ ತಿರುಗಿದಳು.

“ತಂದೆ ಸೆಲ್ವರಾಜ್, ಈಗಿಲ್ಲ,” ಎಂದಳು ಶ್ಯಾಮಲಾ. “ತಾಯಿ ಶ್ಯಾಮಲಾ. ಹೆಡ್ ಕಾನ್‌ಸ್ಟೇಬಲ್.”

ಕೋದಂಡಪ್ಪನವರ ಕೈ ಕಾಗದದ ಮೇಲೆ ನಿಂತುಹೋಯಿತು.

“ಬರೀರಿ ಸಾರ್,” ಎಂದಳು ಅವಳು. “ಈ ಠಾಣೆಯವಳೇ ಅಂತಾನೂ ಬರೀರಿ.”