ಮುಚ್ಚಿಟ್ಟ ಮೂಲ ಪ್ರತಿ

ಕುಂಬಾರವಾಡದ ಬೆಳಗಿನ ಆರರ ಬಸ್ಸು ಮೇಘಾಳ ಕಂಪ್ಯೂಟರಿನಲ್ಲಿ ಸಂಜೆ ಆರಕ್ಕೆ ಹೊರಡುತ್ತಿತ್ತು. ಜೊಯಿಡಾ, ಕ್ಯಾಸಲ್‌ರಾಕ್ ಬಸ್ಸುಗಳದ್ದೂ ಅದೇ ಪಾಡು.

೨೦೦೬ರ ಒಂದು ಶನಿವಾರ. ದಾಂಡೇಲಿಯ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಗೆ ಹನ್ನೆರಡಕ್ಕೆ ಬಸ್ ಮಾಲೀಕರು ಬರುವವರಿದ್ದರು. ಮೇಘಾ ಬರೆದ ವೇಳಾಪಟ್ಟಿಯ ಪ್ರೋಗ್ರಾಂ ಅವರಿಗೆ ಮೆಚ್ಚುಗೆಯಾದರೆ ಮೇಘಾಳೇ ಮುಖ್ಯಸ್ಥೆ ಎಂದು ಯಜಮಾನ ತಾಜುದ್ದೀನ ಸಾಹೇಬರು ಮಾತು ಕೊಟ್ಟಿದ್ದರು.

ತಪ್ಪು ಕಂಡು ತುಳಜಾಗೆ ಒಳಗೊಳಗೇ ಖುಷಿಯಾಯಿತು. ಅದೇ ಕಚೇರಿಯಲ್ಲಿ ನಾಲ್ಕು ವರ್ಷ ದುಡಿದವಳು ಅವಳು. ಆರು ತಿಂಗಳ ಹಿಂದೆ ಹಳಿಯಾಳದಿಂದ ಬಂದ ಹುಡುಗಿಗೆ ಪಟ್ಟವೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ನಾ ಸರಿಯಾಗೇ ಬರದಿಟ್ಟಿದ್ದೆ ಅಕ್ಕಾ. ಯಾರೋ ತಿದ್ದ್ಯಾರ," ಎಂದ ಮೇಘಾಳ ಕಣ್ಣು ತುಂಬಿತ್ತು.

ಪಕ್ಕದ ಮೇಜಿನ ದಿನೇಶ ಎದ್ದ. "ಯಾರೂ ತಿದ್ದಿಲ್ರಿ ಸಾಹೇಬ್ರ. ತಿದ್ದುಪಡಿ ಲೆಕ್ಕಾ ಇಡೋ ಸಬ್‌ವರ್ಶನ್ ನೋಡ್ರಿ, ಮೂಲಕ್ಕೂ ಇದಕ್ಕೂ ಫರಕ್ ಇಲ್ಲ ಅಂತೈತಿ. ಇಕೀನ ತಪ್ಪು ಬರದಾಳ."

ಸಾಹೇಬರು ತುಳಜಾಳ ಕಡೆ ತಿರುಗಿದರು. "ನೀ ನೋಡಿ ಹೇಳವಾ. ತಪ್ಪು ಇಕಿದಾದ್ರ ಇವತ್ತ ಮನಿಗೆ ಕಳಸ್ತೇನಿ."

*

'ಹೌದು, ಇವಳದೇ ತಪ್ಪು' ಎಂದರೆ ಮುಗಿಯುತ್ತಿತ್ತು. ಆದರೆ ಯಾರೂ ಕೇಳುವ ಮೊದಲೇ ದಿನೇಶ ಉತ್ತರ ಇಟ್ಟುಕೊಂಡಿದ್ದ. ಅದು ತುಳಜಾಗೆ ಸರಿ ಕಾಣಲಿಲ್ಲ.

ಅವಳು ಎಲ್ಲರ ಕೆಲಸ ಸೇರುವ ಸರ್ವರಿನಿಂದ ತನ್ನ ಕಂಪ್ಯೂಟರಿಗೆ ಮೇಘಾಳ ಫೈಲಿನ ಹೊಸ ಪ್ರತಿ ಇಳಿಸಿಕೊಂಡಳು. ಬೆಳಿಗ್ಗೆ ಆರು! ಎಲ್ಲ ಸರಿಯಾಗಿತ್ತು.

ಯಾರೂ ನೋಡಿರಲಿಲ್ಲ. ಈ ಪ್ರತಿ ಅಳಿಸಿ ಸುಮ್ಮನಿದ್ದುಬಿಟ್ಟರೆ ಮೇಘಾಳ ಕಥೆ ಮುಗಿದಂತೆ. ತುಳಜಾಳ ಬೆರಳು ಅಳಿಸುವ ಕೀಲಿಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಎದ್ದು ಮೇಘಾಳ ಕಂಪ್ಯೂಟರಿನ ಸಬ್‌ವರ್ಶನ್ನಿನ ಅಡಗಿದ ಫೋಲ್ಡರ್ ತೆರೆದಳು.

*

"ಸಾಹೇಬ್ರ, ಸರ್ವರಿನ್ಯಾಗ ಮೇಘಾ ಬರದದ್ದು ಸರಿ ಐತ್ರಿ. ಇಲ್ಲಿ ತಿದ್ದಿದಾಂವ ದಿನೇಶ."

"ಫರಕ್ ಇಲ್ಲಲ್ರಿ ಮತ್ತ?" ಎಂದ ದಿನೇಶ.

"ಅದ ನಿನ್ನ ಆಟ. ಸಬ್‌ವರ್ಶನ್ ಫರಕ್ ನೋಡಾಕ ಸರ್ವರಿಗೆ ಹೋಗಂಗಿಲ್ಲ. ಇದ ಕಂಪ್ಯೂಟರಿನ್ಯಾಗ ಮೂಲದ ಒಂದು ಪ್ರತಿ ಮುಚ್ಚಿಟ್ಟಿರ್ತೈತಿ, ಅದರ ಜೋಡಿ ಹೋಲಸ್ತೈತಿ. ನೀ ಫೈಲೂ ತಿದ್ದಿದಿ, ಆ ಪ್ರತೀನೂ ತಿದ್ದಿದಿ. ಎರಡೂ ಒಂದ ಆದ್ವು."

"ಮೇಘಾನ ತಿದ್ದಿರಬಹುದು."

"ಆ ಪ್ರತಿ ತಿದ್ದಿದ್ದು, ಅದರ ಮ್ಯಾಲಿನ ವೇಳೆ ಪ್ರಕಾರ, ನಿನ್ನೆ ಶುಕ್ರವಾರ, ಒಂದೂ ನಲವತ್ತಕ್ಕ. ಸಾಹೇಬ್ರು ನಮಾಜಿಗೆ ಹೋಗಿದ್ರು. ಮೇಘಾ ಖಾನಾವಳ್ಯಾಗ ನನ್ನ ಎದುರಿಗೆ ರೊಟ್ಟಿ ಮುರೀತಿದ್ಲು. ಇಲ್ಲಿದ್ದಾಂವ ನೀ ಒಬ್ಬನ. ಮತ್ತೊಂದು ಮರ್ತಿ ನೋಡು. ಮೂಲ ಪ್ರತಿಯ ಅಕ್ಷರಾ ಎಲ್ಲಾ ಲೆಕ್ಕ ಹಾಕಿ ತಗದ ತಾಳೆ ಸಂಖ್ಯೆ ಬ್ಯಾರೆ ಕಡೆ ಬರದಿಟ್ಟಿರ್ತೈತಿ. ಅದೀಗ ಹೊಂದವಲ್ದು."

ದಿನೇಶ ಕುರ್ಚಿ ಎಳೆದು ಕುಳಿತ. "ಮೊನ್ನೆ ಬಂದಾಕಿ ಮುಖ್ಯಸ್ಥೆ ಆಗ್ತಾಳಂದ್ರ ತಡಕೊಳ್ಳಾಕ ಆಗಲಿಲ್ಲ. ನಿಮಗ ಹೊಟ್ಟಿ ಉರೀಲಿಲ್ಲೇನ್ರಿ ಅಕ್ಕಾರ?"

"ಉರದೈತಿ. ನಿನಗಿಂತ ಜಾಸ್ತಿ."

ಸಾಹೇಬರು ಅವನಿಗೆ ಬಾಗಿಲು ತೋರಿಸಿದರು. ಬಸ್ ಮಾಲೀಕರು ಹನ್ನೆರಡಕ್ಕೆ ಬಂದು, ಸರ್ವರಿನ ಸರಿ ಪ್ರತಿ ನೋಡಿ, ಮೆಚ್ಚಿ ಹೋದರು. ಮೇಘಾ ಮುಖ್ಯಸ್ಥೆಯಾದಳು. ಮೊದಲ ಪೇಢೆ ತಂದು ತುಳಜಾಳ ಬಾಯಿಗಿಟ್ಟಳು.

ತುಳಜಾ ಅದನ್ನು ನುಂಗಿದಳು. ತನಗೆ ಸಿಗಬಹುದಾಗಿದ್ದ ಮುಖ್ಯಸ್ಥೆಯ ಕುರ್ಚಿಯನ್ನು ತಾನೇ ಎತ್ತಿ ಕೊಟ್ಟಿದ್ದಳು. ಸಂಜೆಯವರೆಗೂ ಮೇಘಾಳ ಮುಖ ನೋಡಲು ಅವಳಿಂದಾಗಲಿಲ್ಲ.