ತಾರಾಲಯದಿಂದ ಕಾಣೆಯಾದ ಆಕಾಶ

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ತಾರಾಲಯದ ಮೇಲ್ವಿಚಾರಕರು ಏದುಸಿರು ಬಿಡುತ್ತಾ ಠಾಣೆಗೆ ಬಂದು ದೂರು ಕೊಟ್ಟರು. ನಕ್ಷತ್ರ ಪ್ರದರ್ಶನ ನಡೆಸುವ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಎರಡು ಶಾಲೆಗಳ ಮಕ್ಕಳನ್ನು ಬಾಗಿಲಿನಿಂದಲೇ ವಾಪಸು ಕಳಿಸಬೇಕಾಗಿತ್ತು. ಇನ್‌ಸ್ಪೆಕ್ಟರ್ ಮೇಡಂ ಕಳವಿನ ಪ್ರಕರಣವೆಂದು ಎಫ್‌ಐಆರ್ ದಾಖಲಿಸಿ, ದಫೇದಾರನನ್ನು ಕರೆದುಕೊಂಡು ಹೊರಟರು.

ಹನ್ನೊಂದೂವರೆಗೆ ಪಂಚನಾಮೆ. ಗುಮ್ಮಟದೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲೇ ಸುಳ್ಳು ಅನ್ನಿಸುವಂಥ ಮಬ್ಬು. ದನಿ ಎತ್ತಲು ಯಾರಿಗೂ ಮನಸ್ಸು ಬರಲಿಲ್ಲ. ಪಂಚರಿಬ್ಬರೂ ಪಿಸುಗುಟ್ಟುತ್ತಲೇ ಸಹಿ ಹಾಕಿದರು. ಬೀಗ ಮುರಿದಿರಲಿಲ್ಲ. ಬಿಚ್ಚಿದ ನಾಲ್ಕು ಸ್ಕ್ರೂಗಳು ಒಂದು ಹಾಳೆಯ ಮೇಲೆ ಸಾಲಾಗಿ ಕೂತಿದ್ದವು.

"ಕಳ್ಳನಿಗೆ ಏನು ಒಪ್ಪ ಓರಣ ಮೇಡಂ! ನಮ್ಮ ಮನೇಲೂ ಹೀಗಿಡಲ್ಲ," ಎಂದ ದಫೇದಾರ.

ಮೇಡಂ ಮೇಲ್ವಿಚಾರಕರ ಕಡೆ ತಿರುಗಿದರು. "ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು, ಟಿಕೆಟ್ ಕೌಂಟರಲ್ಲಿ ಒಂದು. ಕೌಂಟರಿನಾಕೆ ಇವತ್ತು ರಜ."

"ಈ ಡಿಸ್ಕ್ ಮುಂದೆ ಏನಾಗೋದಿತ್ತು?"

"ಗುರುವಾರ ಹೊಸ ಯಂತ್ರ ಬರುತ್ತೆ. ಈ ಪ್ರೋಗ್ರಾಂ ಅದರಲ್ಲಿ ನಡೆಯಲ್ಲ. ಎಲ್ಲ ಅಳಿಸಿ ಗುಜರಿಗೆ ಹಾಕೋದು."

ಎರಡು ದಿನ ಬಿಟ್ಟರೆ ಗುಜರಿ ಸೇರುವ ವಸ್ತುವನ್ನು ಕದ್ದವರಿಗೆ ಬೇಕಾಗಿದ್ದು ಡಿಸ್ಕಲ್ಲ, ಅದರೊಳಗಿನ ಪ್ರೋಗ್ರಾಂ ಎಂದು ಮೇಡಂಗೆ ಹೊಳೆಯಿತು. ಇಬ್ಬರೂ ಕಂಪ್ಯೂಟರ್ ರಿಪೇರಿ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದರು. ಮೂರನೆಯ ಅಂಗಡಿಯಲ್ಲಿ, ಮೂರು ಗಂಟೆಗೆ, ಸುಳಿವು ಸಿಕ್ಕಿತು.

"ಒಬ್ಬಮ್ಮ ಬಂದಿದ್ರು," ಎಂದ ರಿಪೇರಿಯವನು. "ಹೋದ ವಾರವೆಲ್ಲ ಊಟದ ಹೊತ್ತಲ್ಲಿ ಇಲ್ಲೇ ಕೂತು ಎಮ್ಯುಲೇಟರ್ ಹಾಕೋದು ಕಲಿತ್ರು."

"ಹಾಗಂದ್ರೆ?"

"ಹೊಸ ಕಂಪ್ಯೂಟರು ಹಳೇದರ ಥರ ನಟಿಸುತ್ತೆ ಮೇಡಂ. ಹಳೇ ಪ್ರೋಗ್ರಾಂಗೆ ತಾನು ಬೇರೆ ಕಡೆ ಬಂದಿದೀನಿ ಅಂತ ಗೊತ್ತೇ ಆಗಲ್ಲ. ತನ್ನ ಪಾಡಿಗೆ ನಡೀತಿರುತ್ತೆ. ಆಯಮ್ಮನಿಗೆ ಒಂದು ಹಳೇ ಪ್ರೊಜೆಕ್ಟರೂ ಕೊಟ್ಟಿದೀನಿ."

"ಗುರುತು ಏನಾದ್ರೂ?"

"ಹೆಬ್ಬೆರಳಿಗೆ ಯಾವಾಗಲೂ ನೇರಳೆ ಶಾಯಿ."

ತಾರಾಲಯದ ಟಿಕೆಟ್‌ಗೆ ಒತ್ತುವ ಮುದ್ರೆಯ ಬಣ್ಣವೂ ನೇರಳೆಯೇ.

ನಾಲ್ಕೂ ಮುಕ್ಕಾಲಿಗೆ ಕೌಂಟರಿನಾಕೆಯ ಮನೆ. ಬಾಗಿಲು ತೆರೆದವಳು ಪೊಲೀಸರನ್ನು ಕಂಡು ಬೆಚ್ಚಲಿಲ್ಲ. "ಐದು ನಿಮಿಷ. ಅಣ್ಣ ಮಾತಾಡ್ತಿದಾನೆ," ಎಂದಷ್ಟೇ ಹೇಳಿದಳು.

ಪರದೆ ಎಳೆದ ಕೋಣೆ. ಗೋಡೆಗೆ ಕಟ್ಟಿದ ಬಿಳಿ ಹೊದಿಕೆಯ ತುಂಬ ಆಕಾಶ. ಗಾಳಿಗೆ ಹೊದಿಕೆ ಅಲುಗಿದಾಗಲೆಲ್ಲ ನಕ್ಷತ್ರಗಳೂ ಉಸಿರಾಡಿದಂತೆ ಕಾಣುತ್ತಿತ್ತು. ಕುರ್ಚಿಯಲ್ಲಿದ್ದ ಮುದುಕರು ಎಡಗೈ ಎತ್ತಿ ತೋರಿಸುತ್ತಾ, "ಅಗೋ ಕೃತ್ತಿಕೆ... ಅದರ ಬೆನ್ನಿಗೇ ರೋಹಿಣಿ... ಕೆಂಪಗಿದೆ ನೋಡಿ..." ಎನ್ನುತ್ತಿದ್ದರು. ದಫೇದಾರ ಟೋಪಿ ತೆಗೆದ. ಮೇಡಂ ತಮಗೇ ಗೊತ್ತಿಲ್ಲದಂತೆ ಚಾಪೆಯ ಮೇಲೆ ಕೂತುಬಿಟ್ಟಿದ್ದರು.

ಆಕಾಶ ತಿರುಗಿ ತಿರುಗಿ ಬೆಳಗಾಯಿತು. "ಮುಗೀತು. ಪುಟ್ಟಿ, ದೀಪ ಹಾಕು," ಎಂದರು ಮುದುಕರು.

ಅವಳು ದೀಪ ಹಾಕಿದಳು. ಮುದುಕರ ತುಟಿ ಅಲುಗಿತು. ಮತ್ತೆ ಮಾತು ಹೊರಡಲಿಲ್ಲ.

"ಇಪ್ಪತ್ತೆಂಟು ವರ್ಷ ಅಣ್ಣನೇ ಪ್ರದರ್ಶನ ನಡೆಸ್ತಿದ್ದ," ಎಂದಳು ಅವಳು. "ಹೋದ ವರ್ಷ ಲಕ್ವ ಹೊಡೆದಾಗ ಮಾತು ನಿಂತೋಯ್ತು. ಒಂದು ದಿನ ತಾರಾಲಯಕ್ಕೆ ಕರ್ಕೊಂಡು ಹೋಗಿದ್ದೆ. ಆ ನಕ್ಷತ್ರ ಕಂಡಾಗ ಮಾತ್ರ ಬಾಯಿ ಬಂತು."

"ನಕಲು ಕೇಳಬಹುದಿತ್ತಲ್ಲ?"

"ಮೂರು ಸಲ ಅರ್ಜಿ ಕೊಟ್ಟೆ. ನಿಯಮ ಇಲ್ಲ ಅಂದ್ರು. ಸೋಮವಾರ ತಾರಾಲಯಕ್ಕೆ ರಜ ಅಂತ ಭಾನುವಾರ ಸಂಜೆ ಬಿಚ್ಚಿಕೊಂಡು ಬಂದೆ. ವಾಪಸ್ ಇಡೋಣ ಅಂದ್ರೆ ನಕಲು ಆಗೋ ಹೊತ್ತಿಗೆ ಇವತ್ತು ಮಧ್ಯಾಹ್ನ ಆಗೋಯ್ತು."

"ಕಳವು ಕಳವೇ ಅಮ್ಮ."

"ಗೊತ್ತು ಮೇಡಂ. ಬರ್ತೀನಿ."

"ಕಂಪ್ಯೂಟರೂ ಜಪ್ತಿ ಮಾಡೋದಾ?" ದಫೇದಾರ ಮೆಲ್ಲಗೆ ಕೇಳಿದ.

"ಕಳವಾಗಿದ್ದು ಡಿಸ್ಕ್. ಅದನ್ನ ಬರ್ಕೊ."

ಪಕ್ಕದ ಮನೆಯಾಕೆ ಮುದುಕರ ಬಳಿ ಬಂದು ಕೂತ ಮೇಲೆ, ಐದೂ ಇಪ್ಪತ್ತೈದಕ್ಕೆ ಮೇಡಂ ಕೌಂಟರಿನಾಕೆಯನ್ನು ಬಂಧಿಸಿದರು. ಮರುದಿನ ಹನ್ನೊಂದಕ್ಕೆ ಜಾಮೀನು ಸಿಕ್ಕಿತು. ಹೇಳಿಕೆಯ ಕೊನೆಯಲ್ಲಿ ಅವಳು, ಒಂದು ವರ್ಷದಿಂದ ಅಣ್ಣ ತನ್ನನ್ನು ಕರೆದೇ ಇರಲಿಲ್ಲ ಎಂದು ಬರೆಸಿದ್ದಳು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವ ಜಾಗಕ್ಕೆ ಬಂದಾಗ ಮೇಡಂ ಆ ಹೇಳಿಕೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಬರೆದರು: 'ಪುಟ್ಟಿ ಎಂದು ಕರೆಸಿಕೊಳ್ಳುವ ಆಸೆ.'