ಒಂಬತ್ತು ಬಾಲದ ನರಿಯೂ ಟೇಪು ಹಿಡಿದವನೂ

"ಬಾಲ ಎಷ್ಟಾದ್ರೂ ಇರಲಿ ಕಣಮ್ಮ, ಬಾಗಿಲಲ್ಲಿ ತೂರಿದ್ರೆ ಸಾಕು," ಅಂದರು ಸೆನ್ಸೇ.

ಆ ತೂರೋದೇ ಕಷ್ಟವಾಗಿತ್ತು. ಒಂಬತ್ತು ಬಾಲದಲ್ಲಿ ಆರು ಕೋಣೆಯ ಒಳಗೆ ಬಂದಿದ್ದವು, ಮೂರು ಇನ್ನೂ ಕಾರಿಡಾರಿನಲ್ಲೇ ಇದ್ದವು. ಅಕ್ಕ ಹಿಂದೆ ನಿಂತು ಒಂದೊಂದನ್ನೇ ಹಾಸಿಗೆ ಮಡಚೋ ಹಾಗೆ ಮಡಚಿ ತಳ್ಳುತ್ತಿದ್ದಳು. ತಳ್ಳುತ್ತಲೇ ಗೊಣಗುತ್ತಿದ್ದಳು: ಗುಬ್ಬಿಗೆ ನರಿಯಾಗೋ ಆಸೆ ಯಾಕೆ ಬರಬೇಕು, ಬಂದರೂ ಒಂದೇ ಬಾಲದ ನರಿಯಾಗಿದ್ದರೆ ಯಾರು ಬೇಡ ಅಂತಿದ್ದರು.

ಗುಬ್ಬಿ ಅನ್ನೋದು ಮನೆಯಲ್ಲಿಟ್ಟ ಹೆಸರು. ಕಣ್ಣು ಬಿಟ್ಟಾಗಿನಿಂದ ಮಲಗೋವರೆಗೆ ಬಾಯಿ ಮುಚ್ಚದ ಹುಡುಗಿಗೆ ಬೇರೆ ಯಾವ ಹೆಸರೂ ಹೊಂದಲಿಲ್ಲ. ಅವಳ ಕೆಲಸವೂ ಬಾಯಿಗೆ ಸಂಬಂಧಪಟ್ಟದ್ದೇ. ಹಲ್ಲಿನ ಲ್ಯಾಬಿನಲ್ಲಿ ಕೂತು, ಹಲ್ಲು ಬಿದ್ದವರಿಗೆ ಹಲ್ಲಿನ ಸೆಟ್ಟು ಮಾಡುತ್ತಾಳೆ. ಅಚ್ಚು ತೆಗೆಯೋದು, ಮೇಣದಲ್ಲಿ ಒಸಡು ಕೂರಿಸೋದು, ಒಂದೊಂದೇ ಹಲ್ಲು ಜೋಡಿಸಿ ಪಾಲಿಶ್ ಮಾಡೋದು. ಅದೇ ಕೈಗಳು ಆರು ತಿಂಗಳಲ್ಲಿ ಈ ನರಿಯ ವೇಷವನ್ನು ಮಾಡಿದ್ದವು.

ಗೋಡೆಯ ಆಚೆ ಸಭಾಂಗಣದಲ್ಲಿ ಜಪಾನಿ ಡೋಲು ಶುರುವಾಗಿತ್ತು. ಪ್ರತಿ ಏಟಿಗೂ ಮೇಜಿನ ಮೇಲಿದ್ದ ನೀರಿನ ಲೋಟ ನಡುಗುತ್ತಿತ್ತು. ತಪಾಸಣೆಯ ಸಾಲಿನಲ್ಲಿ ಗುಬ್ಬಿಗಿಂತ ಮುಂದೆ ರಟ್ಟಿನ ರೋಬೋ ಒಂದು ನಿಂತಿತ್ತು, ಅದಕ್ಕಿಂತ ಮುಂದೆ ಕಿಮೋನೊ ಉಟ್ಟ ಗೆಳತಿಯರಿಬ್ಬರು. ಅವರಿಗೂ ಮುಂದೆ, ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡು, ಅವನು.

ಎಲ್ಲರೂ ಅವನನ್ನು ಟೇಪಣ್ಣ ಅನ್ನುತ್ತಾರೆ. ವಾರವೆಲ್ಲ ದೊಡ್ಡ ಕಟ್ಟಡಗಳ ಲಿಫ್ಟು ಸರಿಯಿದೆಯೋ ಇಲ್ಲವೋ ನೋಡೋದು ಅವನ ಕೆಲಸ. ಆ ಕಣ್ಣಿಗೆ ಒಂದು ತಿರುಪು ಸಡಿಲವಾದರೂ ಕಾಣುತ್ತೆ ಅಂತ ಗೊತ್ತಾಗಿ, ಸೆನ್ಸೇ ಅವನನ್ನು ಉತ್ಸವದ ತಪಾಸಣೆಗೆ ಕೂರಿಸಿದ್ದರು. ಸೆನ್ಸೇ ಅಂದರೆ ಗುರುಗಳು. ಊರಿನಲ್ಲಿ ಜಪಾನಿ ಭಾಷೆ ಕಲಿಸೋದು ಇವರೇ, ವರ್ಷಕ್ಕೊಮ್ಮೆ ಈ ಉತ್ಸವ ನಡೆಸೋದೂ ಇವರೇ. ಆಳು ಸಣ್ಣ, ದನಿ ದೊಡ್ಡದು.

ವೇಷ ಸ್ಪರ್ಧೆಯ ನಿಯಮಗಳನ್ನು ಟೇಪಣ್ಣ ಬಸ್ಸಿನ ಕಂಡಕ್ಟರು ನಿಲ್ದಾಣ ಕೂಗೋ ಹಾಗೆ ಹೇಳುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಕೈಯಾರೆ ಮಾಡಿದ್ದಾಗಿರಬೇಕು. ಕತ್ತಿ ಕಠಾರಿ ಇದ್ದರೆ ಮರದ್ದೋ ಸ್ಪಂಜಿನದ್ದೋ, ಲೋಹ ಕೂಡದು. ಚೂಪಾದದ್ದೆಲ್ಲ ಉಜ್ಜಿ ಗುಂಡಗೆ ಮಾಡಿರಬೇಕು. ಬರಿಗಾಲಲ್ಲಿ ಸ್ಟೇಜ್ ಹತ್ತುವಂತಿಲ್ಲ. ಮುಖವಾಡ ಇದ್ದರೆ ಒಮ್ಮೆ ತೆಗೆದು ಮುಖ ತೋರಿಸಬೇಕು.

ಇವುಗಳ ಜೊತೆಗೆ ಸೆನ್ಸೇ ಹೊಸದಾಗಿ ಸೇರಿಸಿದ್ದು ಇನ್ನೊಂದು. ಹಿಂದೊಮ್ಮೆ ತಪಾಸಣೆಗೆ ನಿಂತಿದ್ದವನೊಬ್ಬ ತನ್ನ ನಾದಿನಿಯ ಕಬ್ಬಿಣದ ಕತ್ತಿಯನ್ನು ನೋಡಿಯೂ ನೋಡದ ಹಾಗೆ ಒಳಗೆ ಬಿಟ್ಟು ದೊಡ್ಡ ರಂಪವಾಗಿತ್ತು. ಅಂದಿನಿಂದ, ತಪಾಸಣೆ ಮಾಡಿದವರು ಸ್ಪರ್ಧಿಯ ಮುಖ ನೋಡಿ, ಸೆನ್ಸೇಗೆ ಕೇಳೋ ಹಾಗೆ, "ಇವರಿಗೂ ನನಗೂ ಯಾವ ಸಂಬಂಧವೂ ಇಲ್ಲ" ಅಂತ ಹೇಳಿ ಆಮೇಲೆ ಕೈಗೆ ಹಸಿರು ಪಟ್ಟಿ ಕಟ್ಟಬೇಕು. ನೆಂಟರಾದರೂ ಸರಿ, ಆಪ್ತರಾದರೂ ಸರಿ, ಸಂಬಂಧ ಇದ್ದರೆ ಸ್ಪರ್ಧೆಯಿಂದ ಹೊರಗೆ. ಬೆಳಿಗ್ಗೆಯಿಂದ ಟೇಪಣ್ಣ ಆ ಮಾತನ್ನು ಎಷ್ಟು ಸಲ ಹೇಳಿದ್ದನೋ, ನಾಲಿಗೆ ತಾನಾಗೇ ಹೊರಳುತ್ತಿತ್ತು.

ಗೆಳತಿಯರಿಗೆ ಹಸಿರು ಪಟ್ಟಿ ಸಿಕ್ಕಿತು. ರೋಬೋಗೂ ಸಿಕ್ಕಿತು.

ಗುಬ್ಬಿಗೆ ಆ ಪಟ್ಟಿ ಎಷ್ಟು ಬೇಕಾಗಿತ್ತು ಅನ್ನೋದು ಅಕ್ಕನಿಗೆ ಮಾತ್ರ ಗೊತ್ತು. ಈ ಸಲ ಗೆದ್ದವರಿಗೆ ಜಪಾನಿಗೆ ಹೋಗಿಬರೋ ಟಿಕೆಟ್ಟು, ಮರದ ಮುಖವಾಡ ಕೆತ್ತೋ ಹಿರಿಯರೊಬ್ಬರ ಮನೆಯಲ್ಲಿದ್ದು ಎರಡು ವಾರ ಕಲಿಯೋ ಅವಕಾಶ. ಅದು ಗೊತ್ತಾದ ದಿನ ಗುಬ್ಬಿ ಒಂದು ಗಂಟೆ ಮಾತೇ ಆಡಿರಲಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರ ನೋಡಿದ್ದರು.

ಆದರೆ ನಿಜ ಹೇಳಬೇಕೆಂದರೆ, ಅವಳು ಆ ಸಾಲಿನಲ್ಲಿ ನಿಂತಿದ್ದದ್ದು ಟಿಕೆಟ್ಟಿಗಾಗಿ ಮಾತ್ರ ಅಲ್ಲ.

ಹೋದ ವರ್ಷ ಅವಳು ಕೊಂಬಿನ ರಾಕ್ಷಸಿಯಾಗಿ ಬಂದಿದ್ದಳು. ಕೊಂಬು ಎರಡು ಬೆರಳು ಜಾಸ್ತಿ ಇದೆ ಅಂತ ಟೇಪಣ್ಣನೇ ತಡೆದಿದ್ದ. ಕೊಂಬು ತಾನಾಗೇ ಬೆಳೆಯುತ್ತೆ, ನಾನೇನು ಮಾಡಲಿ ಅಂತ ಇವಳು ಜಗಳಕ್ಕೆ ನಿಂತಳು. ಹಾಗಾದರೆ ಉಗುರಿನ ಹಾಗೆ ಕತ್ತರಿಸಲೂಬಹುದಲ್ಲ ಅಂದ, ಒಂಚೂರೂ ನಗದೆ, ಕತ್ತರಿಸಿಯೂ ಬಿಟ್ಟ. ಆ ಸಿಟ್ಟು ಎರಡು ದಿನ ಇಳಿಯಲಿಲ್ಲ. ಮೂರನೇ ದಿನ, ಯಾರದ್ದೋ ದವಡೆಯ ಅಚ್ಚು ಕೈಯಲ್ಲಿ ಹಿಡಿದು ಸುಮ್ಮನೆ ನಗುತ್ತಿದ್ದಾಗ, ಇದು ಸಿಟ್ಟಲ್ಲ ಅಂತ ಅವಳಿಗೇ ಗೊತ್ತಾಯಿತು.

ಆಮೇಲೆ ಭಾನುವಾರಗಳು. ಸೆನ್ಸೇಯ ಕ್ಲಾಸಿನ ಮಹಡಿಯಲ್ಲಿ ಸ್ಪರ್ಧಿಗಳು ಅರ್ಧಂಬರ್ಧ ವೇಷ ತಂದು ನಿಯಮದ ಸಂದೇಹ ಕೇಳೋ ಸಭೆ. ಬೇರೆಯವರಿಗೆ ಒಂದೋ ಎರಡೋ ಸಂದೇಹ. ಗುಬ್ಬಿಗೆ ಮುಗಿಯುತ್ತಲೇ ಇರಲಿಲ್ಲ. ನರಿಗೂ ಚಪ್ಪಲಿ ಬೇಕಾ? ಬಾಲದ ಅಗಲ ಅಳೆಯೋವಾಗ ಉಸಿರು ಬಿಗಿ ಹಿಡಿಯಬೇಕಾ? ಸ್ಟೇಜ್ ಮೇಲೆ ಬಿಕ್ಕಳಿಕೆ ಬಂದರೆ ಅದೂ ಡೈಲಾಗ್ ಲೆಕ್ಕಾನಾ? ಅವನು ಪ್ರತಿಯೊಂದಕ್ಕೂ ಗಂಭೀರವಾಗಿ ಯೋಚಿಸಿ ಉತ್ತರ ಕೊಡುತ್ತಿದ್ದ. ಒಂದೇ ಒಂದು ಸಲ ನಕ್ಕಿದ್ದ. ಜಪಾನಿ ಕಥೆಗಳ ಪ್ರಕಾರ ಒಂಬತ್ತು ಬಾಲ ಬರಬೇಕಾದರೆ ನರಿಗೆ ಸಾವಿರ ವರ್ಷ ವಯಸ್ಸಾಗಿರಬೇಕು, ಅಷ್ಟು ವಯಸ್ಸಿಗೆ ಹಲ್ಲೆಲ್ಲಿ ಉಳಿದಿರುತ್ತೆ, ಅದಕ್ಕೇ ನನ್ನ ನರಿಗೆ ಹಲ್ಲಿನ ಸೆಟ್ಟು ಅಂತ ಅವಳು ಮುಖವಾಡದ ಬಾಯಿಂದ ಇಡೀ ದಂತಪಂಕ್ತಿಯನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಾಗ. ಅವನು ಗೋಡೆಯ ಕಡೆ ತಿರುಗಿಬಿಟ್ಟಿದ್ದ. ಭುಜ ಮಾತ್ರ ಕುಲುಕುತ್ತಿತ್ತು. ಆ ಭುಜವನ್ನು ಗುಬ್ಬಿ ಇವತ್ತಿಗೂ ಮರೆತಿಲ್ಲ.

ಊರೆಲ್ಲ ಅವನನ್ನು ಅಣ್ಣ ಅಂದರೂ ನೀನೊಬ್ಬಳು ಮಾತ್ರ ಯಾಕೆ 'ಸಾಹೇಬ್ರು' ಅಂತೀಯ ಅಂತ ಅಕ್ಕ ಒಂದು ದಿನ ಹಿಡಿದೇ ಬಿಟ್ಟಿದ್ದಳು. ಗುಬ್ಬಿ ಅದು ಮರ್ಯಾದೆ ಅಂದಳು. ಮರ್ಯಾದೆಗೆ ಕಿವಿ ಕೆಂಪಾಗಲ್ಲ ಅಂದಳು ಅಕ್ಕ.

ಈಗ ಅವನು ಎದುರಿಗೇ ನಿಂತಿದ್ದ. ಟೇಪು ಹಿಡಿದು ಬಾಲದ ಅಗಲ ನೋಡಿದ. ಉಗುರುಗಳ ತುದಿಯನ್ನು ಒಂದೊಂದಾಗಿ ತನ್ನ ಅಂಗೈಗೆ ಒತ್ತಿ ನೋಡಿದ, ಹತ್ತೂ ಗುಂಡಗಿದ್ದವು. ಹಲ್ಲಿನ ಸೆಟ್ಟು ನೋಡಿ ತುಟಿ ಕಚ್ಚಿಕೊಂಡ. ಮುಖವಾಡ ತೆಗೆಯಿರಿ ಅಂದ.

ಗುಬ್ಬಿ ತೆಗೆದಳು. ಬೆವರಿಗೆ ಮುಂಗೂದಲು ಹಣೆಗಂಟಿತ್ತು, ಮೂಗಿನ ತುದಿಯಲ್ಲಿ ಬಿಳಿ ಬಣ್ಣ.

ಅವನು ನೋಡಿದ. ನಿಯಮದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಕಣ್ಣು ಹುಬ್ಬಿನಿಂದ ಹೊರಟು ಮೂಗಿನ ಬಣ್ಣದ ಹತ್ತಿರ ಬಂದು ಅಲ್ಲೇ ನಿಂತಿತು.

"ಇವರಿಗೂ ನನಗೂ..." ಅಂದ. ನಿಂತ. "ಇವರಿಗೂ..." ಅಂತ ಮತ್ತೆ ಶುರುಮಾಡಿದ. ಅದೂ ಮುಂದೆ ಹೋಗಲಿಲ್ಲ. ಹಸಿರು ಪಟ್ಟಿಯನ್ನು ಮೇಜಿನ ಮೇಲಿಟ್ಟು, ತಿರುಗಿ ನೇರ ಸೆನ್ಸೇ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದ.

ಆರು ತಿಂಗಳು. ಲ್ಯಾಬ್ ಮುಗಿಸಿ ಬಂದ ಸಂಜೆಗಳೆಲ್ಲ ಇದರಲ್ಲೇ ಹೋಗಿದ್ದವು. ಗುಬ್ಬಿ ಬಾಲಗಳನ್ನು ಎಳೆದುಕೊಂಡು ಮೇಜಿನ ಹತ್ತಿರ ಬಂದು, ಏನು ತಪ್ಪಿದೆ ಹೇಳಿ, ಅರ ಇದೆ, ಉಪ್ಪುಕಾಗದ ಇದೆ, ನಿಂತ ಕಾಲಲ್ಲೇ ಸರಿಮಾಡ್ತೀನಿ ಅಂತ ಒಂದೇ ಉಸಿರಿಗೆ ಹೇಳಿದಳು.

"ವೇಷದಲ್ಲಿ ಏನೂ ತಪ್ಪಿಲ್ಲ," ಅಂದ ಅವನು ನೆಲ ನೋಡುತ್ತ.

ಮತ್ತೆ ಏನು ಅಂತ ಅವಳು ಕೇಳೋ ಮೊದಲೇ ಸೆನ್ಸೇ ಬಾಯಿಬಿಟ್ಟರು. ಪಾಪ, ಗುಟ್ಟಾಗಿ ಕೇಳೋಣ ಅಂತಲೇ ಇದ್ದರು. ಆದರೆ ಆ ದನಿಗೆ ಗುಟ್ಟು ಅನ್ನೋದು ಹುಟ್ಟಿನಿಂದಲೇ ಗೊತ್ತಿಲ್ಲ.

"ಯಾವಾಗಿಂದಪ್ಪ ಇದು?"

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ರೋಬೋ ಕೂಡ ತಿರುಗಿತು, ರಟ್ಟು ಕರಕರ ಅಂತು.

ಅವನು ಕುತ್ತಿಗೆಯ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಕೊಂಬು ಕತ್ತರಿಸಿದ ದಿನದಿಂದ," ಅಂದ.

ಗುಬ್ಬಿಗೆ ಅರ್ಥವಾಗಲು ಡೋಲಿನ ನಾಲ್ಕು ಏಟು ಬೇಕಾಯಿತು. ಅರ್ಥವಾದ ಮೇಲೆ ಕೈ ತಾನಾಗೇ ಮುಖವಾಡವನ್ನು ಸರ್ರನೆ ಮುಖದ ಮೇಲೆ ಎಳೆದುಕೊಂಡಿತು.

ಅಕ್ಕ ಹಿಂದಿನಿಂದ ಒಂದು ಬಾಲ ಹಿಡಿದು ಜಗ್ಗಿದಳು. ನಾನು ಹೇಳಿರಲಿಲ್ವಾ ಅನ್ನೋ ಜಗ್ಗು ಅದು.

ಸೆನ್ಸೇ ಈಗ ನ್ಯಾಯಾಧೀಶರಾದರು. ಹುಡುಗ ಇಷ್ಟಪಟ್ಟ ಮಾತ್ರಕ್ಕೆ ಅದು ಸಂಬಂಧ ಆಗಲ್ಲ ಅಂದರು. ಒಂದು ಕಡೆಯಿಂದ ಮಾತ್ರ ಆದರೆ ಅದು ಅವನ ಪಾಡು, ನಾನೇ ಪಟ್ಟಿ ಕಟ್ಟಿ ಒಳಗೆ ಕಳಿಸ್ತೀನಿ. ಎರಡೂ ಕಡೆಯಿಂದ ಇದ್ದರೆ ನಿಯಮ ನಿಯಮವೇ, ನನ್ನ ಮಗಳಾದರೂ ಅಷ್ಟೇ. ಅದಕ್ಕೆ ಈಗ ಹುಡುಗಿ ಹೇಳಬೇಕು. ಆ ಮಾತು, ಪೂರ್ತಿಯಾಗಿ, ಇವನ ಮುಖ ನೋಡಿ.

ಅವನು ಒಂದು ಹೆಜ್ಜೆ ಹತ್ತಿರ ಬಂದ. ದನಿ ತಗ್ಗಿತ್ತು.

"ಹೇಳಿಬಿಡಿ," ಅಂದ. "ಸಂಬಂಧ ಇಲ್ಲ ಅಂದುಬಿಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ. ಆ ಹಲ್ಲಿನ ಸೆಟ್ಟು ಗೆಲ್ಲಲೇಬೇಕು ರೀ."

ಅವನು ಹಾಗೆ ಹೇಳದೆ ಇದ್ದಿದ್ದರೆ ಬಹುಶಃ ಅವಳು ಹೇಳಿಬಿಡುತ್ತಿದ್ದಳೋ ಏನೋ. ಜಪಾನು ಕಣ್ಣ ಮುಂದೆಯೇ ಇತ್ತು. ಮರದ ಪುಡಿಯ ವಾಸನೆ, ಉಳಿಯ ಸದ್ದು, ಆ ಹಿರಿಯರ ಕೈ. ಒಂದೇ ಒಂದು ಮಾತು. ಸಂಜೆ ಬೇಕಾದರೆ ವಾಪಸ್ಸು ತೆಗೆದುಕೊಳ್ಳಬಹುದಾದ ಮಾತು.

ಗುಬ್ಬಿ ಗದ್ದ ಆಡಿಸಿದಳು. ಮುಖವಾಡದ ದವಡೆಯನ್ನು ಅವಳು ತನ್ನ ಗದ್ದಕ್ಕೇ ಜೋಡಿಸಿದ್ದಳಲ್ಲ, ನರಿಯ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ಒಂದು ಮಾತೂ ಇಲ್ಲದೆ ನರಿ ಟಕ್ ಟಕ್ ಅಂತ ಹಲ್ಲು ಕುಟ್ಟುತ್ತ ನಿಂತಿತ್ತು.

ಅವಳು ಮುಖವಾಡ ತೆಗೆದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಯಾವುದನ್ನು ತಡೆಯಬೇಕೋ ಅವಳಿಗೇ ತಿಳಿಯಲಿಲ್ಲ.

"ಆಗ್ತಿಲ್ಲ ಸೆನ್ಸೇ," ಅಂದಳು. "ಹಸಿರು ಪಟ್ಟಿ ಬೇಡ."

ಕಿಮೋನೊ ಗೆಳತಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅಕ್ಕನಿಗೆ ಸಿಟ್ಟು ಬಂತು. ಆರು ತಿಂಗಳಿಂದ ಮನೆ ತುಂಬ ಹಲ್ಲು, ಸೋಫಾ ಮೇಲೆ ಕೂದಲು, ಅಪ್ಪ ಒಂದು ಬೆಳಿಗ್ಗೆ ನಿದ್ದೆಗಣ್ಣಲ್ಲಿ ನರಿಯ ಸೆಟ್ಟನ್ನು ತಮ್ಮದೇ ಅಂತ ಬಾಯಿಗೆ ಹಾಕಿಕೊಳ್ಳೋಕೆ ಹೋಗಿದ್ದರು, ಇಷ್ಟೆಲ್ಲ ಆಗಿ ಇವಳು ಸ್ಟೇಜನ್ನೂ ಹತ್ತೋದಿಲ್ಲವಾ ಅಂತ ಸೆನ್ಸೇಯನ್ನೇ ಕೇಳಿದಳು.

ಸ್ಪರ್ಧೆಯಿಂದ ಹೊರಗೆ ಅಂತ ಇದೆ, ಸ್ಟೇಜಿನಿಂದ ಹೊರಗೆ ಅಂತ ನಾನು ಯಾವಾಗ ಹೇಳಿದೆ ಅಂದರು ಸೆನ್ಸೇ, ಮೂಗು ಒರೆಸಿಕೊಳ್ಳುತ್ತ. ಬಹುಮಾನ ಇಲ್ಲ, ಅಂಕ ಇಲ್ಲ. ಆದರೆ ಕಾರ್ಯಕ್ರಮಕ್ಕೆ ಒಳ್ಳೆ ಶುರು ಬೇಕು. ಸಾವಿರ ವರ್ಷದ ಅಜ್ಜಿ ಎಲ್ಲರಿಗಿಂತ ಮೊದಲು ಹೋಗಲಿ. ಟೇಪಣ್ಣನ ಕುತ್ತಿಗೆಯಿಂದ ಟೇಪನ್ನು ತಾವೇ ಎಳೆದುಕೊಂಡು, ಇನ್ನು ಉಳಿದವರನ್ನು ನಾನು ನೋಡ್ಕೋತೀನಿ, ನೀನು ನರಿಯನ್ನು ನೋಡ್ಕೋ ಅಂದರು.

ಪರದೆಯ ಹಿಂದೆ ಕತ್ತಲಿತ್ತು. ಆಚೆಯಿಂದ ನೂರಾರು ಜನರ ಗುಜುಗುಜು. ತಳ್ಳಾಟದಲ್ಲಿ ಕೊನೆಯ ಬಾಲದ ಕೊಕ್ಕೆ ಕಳಚಿ ಜೋತುಬಿದ್ದಿತ್ತು. ಅವನು ಮಂಡಿಯೂರಿ ಕೂತು ಕೊಕ್ಕೆಯನ್ನು ತಡಕಾಡುತ್ತಿದ್ದ.

"ಬೇಜಾರಾಯ್ತಾ?" ಅಂದ ಕೆಳಗಿನಿಂದ.

"ಆಯ್ತು," ಅಂದಳು ಗುಬ್ಬಿ. "ತುಂಬ ಆಯ್ತು. ಖುಷೀನೂ ಆಯ್ತು. ಎರಡೂ ಒಟ್ಟಿಗೆ ಆದ್ರೆ ಏನು ಮಾಡ್ಬೇಕು ಅಂತ ನಿಮ್ಮ ನಿಯಮದಲ್ಲಿ ಇದೆಯಾ ಸಾಹೇಬ್ರೇ?"

"ಇಲ್ಲ. ನನಗೂ ಎರಡೂ ಆಗ್ತಿದೆ." ಕೊಕ್ಕೆಯನ್ನು ಇನ್ನೊಮ್ಮೆ ಒತ್ತಿ ನೋಡಿ ಹೇಳಿದ, "ಮುಂದಿನ ವರ್ಷ ನಾನು ತಪಾಸಣೆಗೆ ನಿಲ್ಲಲ್ಲ. ಬರೀ ಪ್ರೇಕ್ಷಕ."

"ಆಗ ನಾನು ಗೆದ್ದು ಹೊರಟುಹೋದ್ರೆ? ಎರಡು ವಾರ ಇರಲ್ಲ ನಾನು."

"ಏರ್‌ಪೋರ್ಟಿಗೆ ನಾನೇ ಬಿಡ್ತೀನಿ. ವಾಪಸ್ಸು ಬರೋ ದಿನ ಬೆಳಿಗ್ಗೆಯಿಂದಾನೇ ಬಂದು ನಿಂತಿರ್ತೀನಿ."

ಗುಬ್ಬಿ ಮುಖವಾಡ ಇಳಿಸಿಕೊಳ್ಳಲು ಹೋದವಳು ತಡೆದು, ಬಗ್ಗಿ, ಅವನ ಕಿವಿಯ ಹತ್ತಿರ ಬಂದಳು.

"ನನಗೆ ಕೊಂಬು ಕತ್ತರಿಸಿದ ದಿನದಿಂದ ಅಲ್ಲ," ಅಂದಳು. "ಎರಡು ದಿನ ಬಿಟ್ಟು."

ಅವನು ತಲೆಯೆತ್ತಿದ. ಕೊಕ್ಕೆ ಕಚ್ಚಿಕೊಂಡಿತು, ಒಂಬತ್ತು ಬಾಲವೂ ಒಮ್ಮೆಲೇ ಬೀಸಣಿಗೆಯ ಹಾಗೆ ಹರಡಿಕೊಂಡವು. ಅದೇ ಹೊತ್ತಿಗೆ, ಯಾರು ಯಾರಿಗೆ ಸನ್ನೆ ಮಾಡಿದರೋ, ಪರದೆ ಸರ್ರನೆ ಸರಿದು ದೀಪವೆಲ್ಲ ಒಟ್ಟಿಗೆ ಹತ್ತಿಕೊಂಡಿತು. ತುಂಬಿದ ಸಭಾಂಗಣದ ಮುಂದೆ ಬಿಳಿ ಬಾಲಗಳ ನಡುವೆ ಮಂಡಿಯೂರಿ ಕೂತಿದ್ದ, ಮೀಸೆಯ ಮೇಲೆ ಬಾಲದ ಕೂದಲು ಅಂಟಿದ್ದ ಗಂಡಸೊಬ್ಬ ಕಣ್ಣು ಪಿಳಿಪಿಳಿ ಬಿಟ್ಟ. ಓಡಲು ದಾರಿಯಿರಲಿಲ್ಲ. ಅವನು ಎದ್ದು ನಿಂತು, ಕೈಗಳನ್ನು ಪಕ್ಕಕ್ಕಿಟ್ಟು, ಸೆನ್ಸೇ ಕಲಿಸಿದ ಹಾಗೆ ಸೊಂಟದಿಂದ ಬಗ್ಗಿ ನಮಸ್ಕರಿಸಿದ. ಇದೂ ಆಟದ್ದೇ ಭಾಗ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು.